ಹಾರದ ಬದಲು ಬಂದ ಪುಸ್ತಕಗಳು

ನಮ್ಮ ಕಡೆ ಪುಸ್ತಕಕ್ಕೆ ಕಾಲ ಬಂದದ್ದು ಯಾರಿಗೋ ಓದಬೇಕು ಅನ್ನಿಸಿದ್ದರಿಂದ ಅಲ್ಲ, ಹಾರ ಹಾಕಿಸಿಕೊಳ್ಳುವುದು ಹಳೇ ಫ್ಯಾಷನ್ ಆದದ್ದರಿಂದ. ದೊಡ್ಡವರು ಯಾರೋ ವೇದಿಕೆಯ ಮೇಲೆ ನಿಂತು “ಹಾರ ತುರಾಯಿ ಬೇಡ, ಪುಸ್ತಕ ಕೊಡಿ” ಅಂದರು. ಅದು ಟಿವಿಯಲ್ಲಿ ಬಂತು. ಅಲ್ಲಿಂದಾಚೆಗೆ ಪಿರಿಯಾಪಟ್ಟಣದಿಂದ ಕೆ.ಆರ್. ನಗರದವರೆಗೆ, ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ, ಸೊಸೈಟಿ ಡೈರೆಕ್ಟರಿನಿಂದ ಹಿಡಿದು ಗಣಪತಿ ಕಮಿಟಿಯ ಖಜಾಂಚಿಯವರೆಗೆ ಎಲ್ಲರಿಗೂ ಇದ್ದಕ್ಕಿದ್ದಂತೆ ಜ್ಞಾನದಾಹ ಶುರುವಾಯಿತು. ಹಾರವಾದರೆ ಸಂಜೆಗೆ ಹಸುವಿನ ಬಾಯಿಗಾದರೂ ಹೋಗುತ್ತಿತ್ತು. ಪುಸ್ತಕವನ್ನು ಹಸುವೂ ಮೂಸುವುದಿಲ್ಲ, ಈಸಿಕೊಂಡವರೂ ಮೂಸುವುದಿಲ್ಲ.

ನನ್ನ ಮಾವನಿಗೆ ಈ ದಾಹ ಹತ್ತಿದ್ದು ಅವರು ಗ್ರಾಮ ಪಂಚಾಯಿತಿ ಅಧ್ಯಕ್ಷರಾದಾಗ. ಸ್ವಲ್ಪ ತಿದ್ದಿ ಹೇಳಬೇಕು: ಅಧ್ಯಕ್ಷೆಯಾದವರು ನನ್ನ ಅತ್ತೆ. ಆ ಸಲ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಮಾವ ಅತ್ತೆಯನ್ನು ಚುನಾವಣೆಗೆ ನಿಲ್ಲಿಸಿದರು, ಅತ್ತೆಯ ಸಣ್ಣ ಫೋಟೋದ ಪಕ್ಕ ತಮ್ಮ ದೊಡ್ಡ ಫೋಟೋ ಹಾಕಿಸಿ ಬ್ಯಾನರ್ ಕಟ್ಟಿಸಿದರು, ಅಧ್ಯಕ್ಷಗಿರಿ ಖಾಯಂ ಆದ ದಿನ ಫೋನಿನಲ್ಲಿ ಕಂಡಕಂಡವರಿಗೆಲ್ಲ “ನಾನು ಗೆದ್ದೆ ಕಣಪ್ಪ” ಅಂದರು. ಅದನ್ನು ಕೇಳಿಸಿಕೊಂಡ ಅತ್ತೆ ಅಡುಗೆಮನೆಗೆ ಬಂದು, “ನಿಮ್ಮಾವ ಗೆದ್ರಂತೆ, ಒಂಚೂರು ಪಾಯ್ಸ ಮಾಡವ್ವ,” ಅಂದರು. ನಮ್ಮೂರಿನಲ್ಲಿ ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಅನುಕೂಲ ಅನ್ನುತ್ತಾರೆ. ನಾನೂ ಅನುಕೂಲ ಅಂತಲೇ ತಿಳಿದು ಪಾಯಸ ಮಾಡಿದೆ.

ಗೆದ್ದ ಖುಷಿಗೆ ಮನೆಯ ಮುಂದೆ ಶಾಮಿಯಾನ ಹಾಕಿಸಿ ಸನ್ಮಾನ ಇಟ್ಟುಕೊಂಡರು. “ದಯವಿಟ್ಟು ಹಾರ ತರಬೇಡಿ, ಪುಸ್ತಕ ತನ್ನಿ” ಎಂದು ವಾಟ್ಸಾಪಿನಲ್ಲಿ ಮೊದಲೇ ಹಾಕಿಸಿದ್ದರು. ಬಂದವರಲ್ಲಿ ಮುಕ್ಕಾಲು ಪಾಲು ಮಂದಿ ಮಕ್ಕಳ ನೋಟ್‌ಬುಕ್ಕು ಬಿಟ್ಟರೆ ಜೀವಮಾನದಲ್ಲಿ ಪುಸ್ತಕ ಕೊಂಡವರಲ್ಲ. ಅವರೆಲ್ಲ ಹುಣಸೂರಿನ ಸ್ಟೇಷನರಿ ಅಂಗಡಿಯೊಂದಕ್ಕೆ ಹೋಗಿ, “ಸನ್ಮಾನಕ್ಕೆ ಒಂದು ಬುಕ್ ಕೊಡಿ,” ಅಂದಿದ್ದಾರೆ. ಯಾವ ಬುಕ್ಕು ಅಂತ ಅಂಗಡಿಯವನು ಕೇಳಿದರೆ ತಾನೆ? ಅಟ್ಟದ ಮೇಲೆ ಧೂಳು ಹಿಡಿದು ಕೂತಿದ್ದದ್ದನ್ನೆಲ್ಲ ಇಳಿಸಿ, ಮಿರಿಮಿರಿ ಮಿಂಚುವ ಕಾಗದ ಸುತ್ತಿ ಕಳಿಸಿದ್ದಾನೆ. ಒಳಗೆ ಏನಿದೆ ಅಂತ ಕೊಟ್ಟವರಿಗೂ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಅತ್ತೆಯನ್ನು ಮಾವನ ಪಕ್ಕ ನಿಲ್ಲಿಸಿದ್ದರು. ಜನ ಒಬ್ಬೊಬ್ಬರಾಗಿ ಬಂದು ಪೊಟ್ಟಣವನ್ನು ಮಾವನ ಕೈಗೆ ಕೊಟ್ಟು, ಅತ್ತೆಗೆ ಕೈಮುಗಿದು, ಫೋಟೋಗೆ ನಿಂತು, ಊಟಕ್ಕೆ ಹೋದರು.

ಮಾರನೆಯ ದಿನ ಅದನ್ನೆಲ್ಲ ಬಿಚ್ಚಿ ಜೋಡಿಸುವ ಕೆಲಸ ನನ್ನ ತಲೆಗೆ ಬಂತು, ಯಾಕೆಂದರೆ ಮನೆಯಲ್ಲಿ ಬಿ.ಎ. ಓದಿದವಳು ನಾನೊಬ್ಬಳೇ. ಬಿಚ್ಚುತ್ತಾ ಹೋದಂತೆ ನಗು ತಡೆಯಲಾಗಲಿಲ್ಲ. ಕೋಳಿ ಸಾಕಣೆ. ಹಾವು ಕಚ್ಚಿದರೆ ಏನು ಮಾಡಬೇಕು. ಒಂದಕ್ಕೊಂದು ಒಪ್ಪದ ವಾಸ್ತು ಪುಸ್ತಕಗಳು. ಮಗುವಿಗೆ ಹೆಸರಿಡುವುದು ಹೇಗೆ. ಕಾನ್ಸ್‌ಟೇಬಲ್ ಪರೀಕ್ಷೆಯ ಗೈಡು. ಕಣ್ಣೀರು ಸುರಿಸುವ ಹೆಂಗಸಿನ ಚಿತ್ರವಿದ್ದ ಕಾದಂಬರಿಗಳು, ಹೆಣದ ಚಿತ್ರವಿದ್ದ ಪತ್ತೇದಾರಿ ಕತೆಗಳು. ಸಮುದ್ರದ ಪ್ರಾಣಿಗಳ ಬಗ್ಗೆ ಒಂದು ದೊಡ್ಡ ಬಣ್ಣದ ಪುಸ್ತಕ, ಯಾವುದೋ ದೇಶದ ಯುದ್ಧದ ಚರಿತ್ರೆ, ಸಕ್ಕರೆ ಕಾಯಿಲೆಯವರ ಅಡುಗೆ. ನಿವೃತ್ತ ಅಧಿಕಾರಿಯೊಬ್ಬರು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ್ದ ಆತ್ಮಕತೆ ಮಾತ್ರ ಹಲವು ಪೊಟ್ಟಣಗಳಲ್ಲಿ ಸಿಕ್ಕಿತು. ಅಂಗಡಿಯವನಿಗೆ ಅದರಿಂದ ಬಿಡುಗಡೆಯಾದದ್ದು ನಮ್ಮ ಸನ್ಮಾನದಿಂದಲೇ ಇರಬೇಕು.

ಬಿ.ಎ. ಓದಿದವಳು ಅಂದೆನಲ್ಲ, ಅದೂ ಒಂದು ತಮಾಷೆಯೇ. ನನ್ನ ತವರು ಭೇರ್ಯದ ಕಡೆ. ಅಲ್ಲಿಂದ ಕೆ.ಆರ್. ನಗರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿದೆ. ಅಷ್ಟೂ ವರ್ಷದಲ್ಲಿ ಒಂದು ಪುಸ್ತಕವನ್ನೂ ಮೊದಲ ಪುಟದಿಂದ ಕಡೇ ಪುಟದವರೆಗೆ ಓದಿರಲಿಲ್ಲ. ಗೈಡಿನಲ್ಲಿ ಮುಖ್ಯ ಎಂದು ಗೆರೆ ಎಳೆದದ್ದನ್ನು ಬಾಯಿಪಾಠ ಮಾಡಿದೆ, ಪಾಸಾದೆ, ಗಾವಡಗೆರೆ ಕಡೆಯ ಈ ಊರಿಗೆ ಮದುವೆಯಾಗಿ ಬಂದೆ. ಮದುವೆ ಕಾಗದದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚು ಹಾಕಿಸಿದ್ದೇ ಅದರ ಕಟ್ಟಕಡೆಯ ಉಪಯೋಗ.

ಜೋಡಿಸುತ್ತಾ ಕೂತಾಗ ಮೊದಲು ತೆರೆದದ್ದು ಹಾವಿನ ಪುಸ್ತಕ, ಹಿತ್ತಲಿನ ಸೌದೆ ರಾಶಿಯ ಭಯಕ್ಕೆ. ಓದುತ್ತಾ ಓದುತ್ತಾ ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದು ಗೊತ್ತಾಗಲಿಲ್ಲ. ಆಮೇಲೆ ಒಂದು ಕಾದಂಬರಿ ಹಿಡಿದೆ, ಅದರ ನಡುವೆಯೇ ಸಮುದ್ರದ ಪುಸ್ತಕಕ್ಕೆ ಹೋದೆ, ಅಲ್ಲಿಂದ ಯುದ್ಧಕ್ಕೆ, ಯುದ್ಧ ಬೇಜಾರಾದಾಗ ಸಕ್ಕರೆ ಕಾಯಿಲೆಗೆ. ಕತೆ ಯಾವುದು, ನಿಜ ಯಾವುದು ಎಂದು ಬೇರೆ ಮಾಡಿ ಓದಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲವೂ ಒಂದೇ ಹಸಿವಿಗೆ ಬಿದ್ದವು. ಇಷ್ಟು ವಯಸ್ಸಾಗುವ ತನಕ ಇದನ್ನೆಲ್ಲ ನನ್ನಿಂದ ಮುಚ್ಚಿಟ್ಟವರು ಯಾರು ಎಂದು ಸಿಟ್ಟೇ ಬಂತು.

ಮಾವ ನಡುಮನೆಗೆ ಗಾಜಿನ ಬಾಗಿಲಿನ ಬೀರು ಮಾಡಿಸಿ ಪುಸ್ತಕಗಳನ್ನು ದಪ್ಪದ ಲೆಕ್ಕದಲ್ಲಿ ನಿಲ್ಲಿಸಿದರು. ಅದಕ್ಕೊಂದು ಕಾರಣವಿತ್ತು. ಇನ್ನು ಮೇಲೆ ಅವರು ಹೋಗುವ ಮದುವೆ ಮುಂಜಿ ಸನ್ಮಾನಗಳಿಗೆಲ್ಲ ಅದೇ ಮಿಂಚುವ ಕಾಗದ ಮತ್ತೆ ಸುತ್ತಿದ ಪುಸ್ತಕವೇ ಉಡುಗೊರೆ. ಎಮ್ಮೆಲ್ಲೆ ಬರುವ ಮದುವೆಗೆ ದಪ್ಪದ್ದು, ನೆಂಟರ ಗೃಹಪ್ರವೇಶಕ್ಕೆ ಮಧ್ಯದ್ದು, ನಾಮಕರಣಕ್ಕೆ ತೆಳುವಾದದ್ದು. ಹೊಸ ಮದುಮಕ್ಕಳಿಗೆ ಯುದ್ಧದ ಚರಿತ್ರೆ ಹೋಯಿತು. ಸಾಲಿಗ್ರಾಮದಲ್ಲಿ ತೊಂಬತ್ತು ದಾಟಿದ ಅಜ್ಜನೊಬ್ಬನ ಸನ್ಮಾನಕ್ಕೆ ಕಾನ್ಸ್‌ಟೇಬಲ್ ಗೈಡು ಹೋಯಿತು. ಅಲ್ಲಿಯೂ ಅವನ್ನು ಯಾರೂ ಬಿಚ್ಚಿರಲಾರರು, ಮುಂದಿನ ಸಮಾರಂಭಕ್ಕೆ ದಾಟಿಸಿರುತ್ತಾರೆ. ನಮ್ಮ ಮನೆಯ ಪುಸ್ತಕಗಳು ಈ ನಾಲ್ಕು ತಾಲ್ಲೂಕಿನಲ್ಲಿ ನನಗಿಂತ ಹೆಚ್ಚು ಊರು ನೋಡಿವೆ.

ಹೀಗೆ ಹೋಗುವ ಮೊದಲು ಓದಿ ಮುಗಿಸಬೇಕು ಎಂಬ ಆತುರಕ್ಕೆ ನಾನು ಪುಸ್ತಕವನ್ನು ಸೊಪ್ಪು ಕಟ್ಟುವ ಜಾಗಕ್ಕೂ ಒಯ್ಯತೊಡಗಿದೆ. ನಮ್ಮ ಕಡೆ ಹೊಗೆಸೊಪ್ಪು ಮುರಿದು ತಂದ ದಿನ ಬ್ಯಾರನ್ ಅನ್ನುವ ಸೊಪ್ಪಿನ ಮನೆಯ ಪಕ್ಕದ ಚಪ್ಪರದ ನೆರಳಿನಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಒಳಗೆ ಏರಿಸಿ ಬೇಯಿಸುವುದು. ನಾನು ನಾಲೆ ಬಯಲಿನ ಭತ್ತದ ಊರಿನವಳು. ನಾನು ಕಟ್ಟಿದ ಎಲೆ ಕಡ್ಡಿ ಎತ್ತಿದ ಕೂಡಲೇ ಉದುರಿ ಬೀಳುತ್ತಿತ್ತು. ಪಕ್ಕದ ಮನೆಯ ಅಕ್ಕ, ನಾಲಿಗೆ ಚುರುಕಿನ ಹೆಂಗಸು, ಒಂದು ದಿನ ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡು, “ನಿನ್ ಕೈಲಿ ಇದಾಗಕಿಲ್ಲ ಬುಡವ್ವ. ಅದೇನೋ ಕದ್ದು ಕದ್ದು ನೋಡ್ತಿದ್ದಿಯಲ್ಲ, ಅದ್ನಾರ ಜೋರಾಗಿ ಓದು, ನಮ್ಗೂ ಒತ್ತೋಯ್ತದೆ,” ಅಂದಳು. ಅತ್ತೆ, “ಓದು ಓದು, ಸೊಪ್ಪಾರ ಉಳೀತದೆ,” ಅಂದರು. ಹೀಗೆ ನಾನು ಸೊಪ್ಪಿನ ಕೆಲಸದಿಂದ ವಜಾ ಆಗಿ ಓದುವ ಕೆಲಸಕ್ಕೆ ಸೇರಿದೆ.

ಕೇಳುವವರ ತೀರ್ಪು ಮಾತ್ರ ನಾನು ಎಣಿಸಿದಂತೆ ಇರಲಿಲ್ಲ. ಕಾದಂಬರಿಯನ್ನು ಅವರು ಪೂರ್ತಿ ನಂಬಿದರು. ಅತ್ತೆಯೊಬ್ಬಳು ಸೊಸೆಯನ್ನು ಕತ್ತಲೆ ಕೋಣೆಗೆ ಹಾಕಿ ಚಿಲಕ ಹಾಕಿದ ಭಾಗ ಬಂದಾಗ ಅಕ್ಕ ಎದ್ದು ನಿಂತು, “ಯಾವೂರಂತೆ ಅದು? ಪೋಲೀಸ್ ಟೇಸನ್ ಇಲ್ವಂತಾ ಅಲ್ಲಿ?” ಎಂದು ನನ್ನ ಮೇಲೇ ರೇಗಿದಳು. ನಿಜದ ಪುಸ್ತಕಗಳನ್ನು ಒಂದಕ್ಷರವೂ ನಂಬಲಿಲ್ಲ. ಸಮುದ್ರದಲ್ಲಿ ಎಂಟು ಕೈಯ ಒಂದು ಪ್ರಾಣಿಗೆ ಮೂರು ಹೃದಯ ಇರುತ್ತವೆ ಎಂದು ಓದಿದೆ. ಅತ್ತೆ, “ಸುಳ್ಳು ಕಣವ್ವ. ಒಂದು ಇಟ್ಕೊಂಡೇ ನಾವು ಪಡಬಾರದ್ ಪಾಡು ಪಡ್ತಿದೀವಿ, ಮೂರಿದ್ರೆ ಬದುಕ್ಲಿಕ್ಕಾಗ್ತದಾ?” ಅಂದರು. ನಿವೃತ್ತ ಅಧಿಕಾರಿಯ ಆತ್ಮಕತೆಯನ್ನೂ ಓದಿ ನೋಡಿದೆ. ಸ್ವಲ್ಪ ಹೊತ್ತಿಗೇ ಅಕ್ಕ ತಡೆದಳು: “ಉಟ್ಟಾಗಿಂದ ಒಂದ್ ತಪ್ಪೂ ಮಾಡಿಲ್ವಂತಲ್ಲ ಇವ್ನು. ಯಾರೋ ಕಟ್ಟಿ ಬರ್ದವ್ರೆ, ಮುಚ್ಚಿ ಮಡ್ಗು.” ನಾನು ಮುಚ್ಚಿಟ್ಟೆ. ವಿಮರ್ಶಕರ ಹೊಗಳಿಕೆ ಆ ಪುಸ್ತಕದ ಬೆನ್ನ ಮೇಲೆ ಅಂಗೈಯಷ್ಟಗಲ ಅಚ್ಚಾಗಿತ್ತು. ಅವರಲ್ಲಿ ಒಬ್ಬರೂ ಸೊಪ್ಪು ಕಟ್ಟುತ್ತಾ ಕೇಳಿದವರಲ್ಲ ಅಂತ ಕಾಣುತ್ತದೆ.

ಆ ತೆಳ್ಳನೆಯ ಪುಸ್ತಕ ಸಿಕ್ಕಿದ್ದು ಇದೆಲ್ಲ ಆದ ಮೇಲೆ. ಬೀರುವಿನ ಮೂಲೆಯಲ್ಲಿ, ಹೆಸರಿಡುವ ಪುಸ್ತಕಕ್ಕೆ ಅಂಟಿಕೊಂಡು ಕೂತಿತ್ತು. ಗ್ರಾಮ ಪಂಚಾಯಿತಿ ಅಧ್ಯಕ್ಷರಾದವರು ಏನೇನು ಮಾಡಬೇಕು, ಏನೇನು ಮಾಡಬಹುದು ಎಂದು ತಿಳಿಸುವ ಕೈಪಿಡಿ. ಅಷ್ಟು ಪೊಟ್ಟಣಗಳಲ್ಲಿ ಸನ್ಮಾನಕ್ಕೆ ಸರಿಯಾಗಿ ಹೊಂದುವ ಪುಸ್ತಕ ಅದೊಂದೇ, ಅದೂ ಅಂಗಡಿಯವನ ಕೈ ತಪ್ಪಿ ಬಂದದ್ದು. ಅವತ್ತು ಬೇರೆ ಯಾವುದೂ ಕೈಗೆ ಹತ್ತದೆ ಅದನ್ನೇ ಚಪ್ಪರಕ್ಕೆ ಒಯ್ದು ಓದತೊಡಗಿದೆ. ಅಧ್ಯಕ್ಷರು ಸಭೆ ಕರೆಯುತ್ತಾರೆ, ಸಭೆಯನ್ನು ನಡೆಸುತ್ತಾರೆ, ಊರಿನ ಕೆಲಸಗಳನ್ನು ಕಣ್ಣಾರೆ ಕಂಡು ಬರುತ್ತಾರೆ, ತಪ್ಪಿದ್ದರೆ ಕೇಳುತ್ತಾರೆ ಎಂದೆಲ್ಲ ಇತ್ತು.

“ಅಧ್ಯಕ್ಷ್ರು ಅಂದ್ರೆ ಗಂಡ್ಸಾ, ಎಂಗ್ಸಾ?” ಅಂತ ಅಕ್ಕ ಕೇಳಿದಳು.

ನಾನು ಅತ್ತೆಯ ಕಡೆ ನೋಡಿದೆ. “ಎಂಗ್ಸು ಕಣಕ್ಕ,” ಅಂದೆ.

ಅಷ್ಟು ಸಾಕಾಯಿತು. ಅಲ್ಲಿಗೆ ಅದು ಕೈಪಿಡಿಯಾಗಿ ಉಳಿಯಲಿಲ್ಲ, ಯಾವುದೋ ಊರಿನ ಗಟ್ಟಿಗಿತ್ತಿಯೊಬ್ಬಳ ಕತೆಯಾಯಿತು. ಅವಳು ಸಭೆಗೆ ಹೋಗುತ್ತಾಳೆ, ನಡುವಿನ ಕುರ್ಚಿಯಲ್ಲಿ ಕೂರುತ್ತಾಳೆ, ಚರಂಡಿ ಕೆಲಸ ಸರಿಯಾಗಿಲ್ಲದಿದ್ದರೆ ನಿಂತು ನೋಡುತ್ತಾಳೆ. ಇಡೀ ಚಪ್ಪರಕ್ಕೆ ಅವಳ ಮೇಲೆ ಮೋಹ ಬಂತು. ಎಲ್ಲರಿಗಿಂತ ಹೆಚ್ಚಾಗಿ ಅತ್ತೆಗೆ. “ನಂಗೂ ಅಧ್ಯಕ್ಸೆ ಅಂತಾರೆ, ಆವಮ್ಮನ್ಗೂ ಅಧ್ಯಕ್ಸೆ ಅಂತಾರೆ. ಆವಮ್ಮ ನೋಡು ಎಂಗವ್ಳೆ!” ಅನ್ನುವರು. ಅಧ್ಯಕ್ಷೆ ಅಂದರೆ ಮಾವ ತೋರಿಸಿದ ಜಾಗದಲ್ಲಿ ಸಹಿ ಹಾಕುವುದು ಎಂದು ಅತ್ತೆ ತಿಳಿದಿದ್ದರು. ಈಕೆ ಬೇರೆ ಬಗೆಯ ಅಧ್ಯಕ್ಷೆ, ಆಕೆಯ ಊರಲ್ಲಿ ಹಾಗೆ ನಡೆಯುತ್ತದೆ ಎಂದು ಅವರ ಲೆಕ್ಕ.

ಎಲೆ ಜೋಡಿಸುತ್ತಿದ್ದ ಅತ್ತೆ ಒಂದು ಸಲ ತಲೆಯೆತ್ತಿ ಕೇಳಿದರು: “ಅಲ್ಲ ಕಣ್ಮಗ, ಆವಮ್ಮ ಇಷ್ಟೆಲ್ಲ ಮಾಡ್ತಾಳಲ್ಲ, ಅವ್ಳ ಗಂಡ ಏನ್ ಮಾಡ್ತಾನೆ?”

ನಾನು ಪುಟ ತಿರುವಿ ಹಿಂದೆ ಮುಂದೆ ಹುಡುಕಿದೆ. ಗಂಡ ಎಂಬ ಪ್ರಾಣಿ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. “ಗಂಡನ್ ಸುದ್ದೀನೇ ಇಲ್ಲ ಅತ್ತೆ,” ಅಂದೆ.

ಅತ್ತೆ ನಿಟ್ಟುಸಿರು ಬಿಟ್ಟರು. “ಸತ್ತೋಗವ್ನೆ ಅಂತ ಕಾಣ್ತದೆ. ಪಾಪ, ಒಬ್ಳೇ ಎಲ್ಲಾನೂ ನೋಡ್ಕಬೇಕು.”

“ಅದ್ಕೇ ಅಷ್ಟ್ ಚೆನ್ನಾಗ್ ನೋಡ್ಕತಾವ್ಳೆ,” ಎಂದು ಅಕ್ಕ ಎಲೆಯ ತೊಟ್ಟು ಬಿಗಿದಳು. ಚಪ್ಪರದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಹೋದ ಗಂಡನಿಗಾಗಿ ಆಕೆಯ ಪರವಾಗಿ ಅವರು ನಿಜವಾಗಿಯೂ ಮರುಗಿದ್ದರು.

ಆಮೇಲಿನ ಭಾಗಕ್ಕೆ ಬಂದಾಗ ಎಲ್ಲರೂ ಹತ್ತಿರ ಸರಿದು ಕೂತರು. ಮೆಂಬರುಗಳಿಗೆ ಅಧ್ಯಕ್ಷೆಯ ಮೇಲೆ ನಂಬಿಕೆ ಇಲ್ಲವಾದರೆ ಆಕೆಯನ್ನು ಇಳಿಸಲು ಅವಿಶ್ವಾಸ ತರಬಹುದು ಎಂದು ಶುರುವಾಗಿತ್ತು. ಅಷ್ಟರಲ್ಲಿ ಸೊಪ್ಪು ಮುಗಿಯಿತು. ಪುಸ್ತಕವನ್ನು ಬೀರುವಿಗೆ ಸೇರಿಸಿ ನಾನು ಅಡುಗೆಗೆ ಹೋದೆ. ಮಾರನೆಯ ದಿನ ನೋಡಿದರೆ ಜಾಗ ಖಾಲಿ. ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಮಾವನ ರಾಜಕೀಯದ ದೋಸ್ತ್ ಒಬ್ಬರಿದ್ದರು. ಅವರೂ ಆಗಷ್ಟೇ ಅಧ್ಯಕ್ಷರಾಗಿದ್ದರು, ಅಂದರೆ ಅವರ ಹೆಂಡತಿ ಆಗಿದ್ದಳು. ಅಲ್ಲಿನ ಸನ್ಮಾನಕ್ಕೆ ಮಾವ ಬೆಳಗ್ಗೆಯೇ ಹೊರಟುಹೋಗಿದ್ದರು. ಬಂದ ಮೇಲೆ ಕೇಳಿದರೆ, “ಯಾವ್ದೋ ಒಂದು, ತೆಳ್ಳಗಿತ್ತಪ್ಪ. ಅವ್ನೇನ್ ಎಮ್ಮೆಲ್ಲೆಯಾ ದಪ್ಪದ್ದು ಕೊಡಕೆ?” ಅಂದರು.

ಇದಕ್ಕೂ ಮೊದಲು ಕಾದಂಬರಿಗಳು ಅರ್ಧಕ್ಕೇ ಹೋದದ್ದುಂಟು. ಆಗೆಲ್ಲ ಚಪ್ಪರದ ಹೆಂಗಸರು ತಮಗೆ ಬೇಕಾದಂತೆ ಕತೆ ಮುಗಿಸಿಕೊಂಡು ಸುಮ್ಮನಾಗುತ್ತಿದ್ದರು, ದುಷ್ಟ ಅತ್ತೆಗೆ ಲಕ್ವ ಹೊಡೆಸಿ, ಸೊಸೆಗೆ ಮಗು ಕೊಟ್ಟು. ಈ ಸಲ ಅತ್ತೆ ಸುಮ್ಮನಾಗಲಿಲ್ಲ. ಊಟ ಸೇರಲಿಲ್ಲ. “ಆವಮ್ಮನ್ನ ಇಳಿಸಿದ್ರೋ ಇಲ್ವೋ?” ಎಂದು ನೀರು ಸೇದುವಾಗಲೂ ಕೇಳಿದರು, ಹಸು ಕಟ್ಟುವಾಗಲೂ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅದು ಕತೆಯಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಇನ್ನೂ ಏನೇನು ಹೇಳಬೇಕಾಗುತ್ತದೋ ಎಂಬ ಹೆದರಿಕೆ.

ಮಾವ ಮೈಸೂರಿಗೆ ಹೋದ ದಿನ ಅತ್ತೆ ತಲೆ ಬಾಚಿಕೊಂಡು, ಆಧಾರ್ ಕಾರ್ಡು ರವಿಕೆಗೆ ಸಿಕ್ಕಿಸಿಕೊಂಡು, “ನಡಿ ಮಗ, ಬುಕ್ ಈಸ್ಕೊಂಡ್ ಬರುಮ,” ಎಂದು ಹೊರಟೇಬಿಟ್ಟರು. ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ನಮ್ಮ ಗಂಡಸರಿಗೆ ಅದೊಂದು ಸಂಕಟ: ಹೋಗುವುದಕ್ಕೆ ಅವರನ್ನು ದುಡ್ಡು ಕೇಳಬೇಕಾಗಿಲ್ಲ, ಹಾಗಾಗಿ ಹೇಳಬೇಕಾಗಿಯೂ ಇಲ್ಲ. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿದೆವು. ಕೊಟ್ಟ ಉಡುಗೊರೆಯನ್ನು ವಾಪಸು ಕೇಳಲು ಹೋಗುತ್ತಿದ್ದೇವಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾಚಿಕೆ. ಅತ್ತೆಗೆ ಇರಲಿಲ್ಲ.

ಆ ಮನೆಯ ಅಧ್ಯಕ್ಷೆ ನನ್ನ ವಯಸ್ಸಿನವಳು. ರೊಟ್ಟಿ ತಟ್ಟುತ್ತಿದ್ದ ಕೈ ಒರೆಸಿಕೊಂಡು ಹೊರಗೆ ಬಂದಳು. ಗಂಡ ಮನೆಯಲ್ಲಿರಲಿಲ್ಲ, ಪಂಚಾಯಿತಿ ಕೆಲಸದ ಮೇಲೆ ಹೋಗಿದ್ದಾರೆ ಅಂದಳು, ತಾನು ಏನನ್ನು ಹೇಳಿದೆ ಎಂಬ ಗಮನವೇ ಇಲ್ಲದೆ. ಬಂದ ಕಾರಣ ತಿಳಿಸಿದೆವು. ಅವಳು ಶೋಕೇಸಿನ ಕಡೆ ಕೈ ತೋರಿದಳು. ಗೊಂಬೆಗಳ ಹಿಂದೆ ಪೊಟ್ಟಣಗಳು ಮಿಂಚುವ ಕಾಗದದಲ್ಲೇ ಕೂತಿದ್ದವು, ಒಂದನ್ನೂ ಬಿಚ್ಚಿರಲಿಲ್ಲ.

“ಯಾವ್ ಬುಕ್ಕೋ ನಂಗೊತ್ತಿಲ್ಲ ಕಣಕ್ಕ. ಕೈಗ್ ಕೊಟ್ರು, ಫೋಟೋ ತಗುದ್ರು, ಈಸ್ಕೊಂಡ್ರು,” ಅಂದಳು.

ತೆಳ್ಳನೆಯದನ್ನು ಮುಟ್ಟಿ ನೋಡಿ ಹುಡುಕಿ ತೆಗೆದೆವು. ಒಲೆಯ ಮೇಲೆ ಹೆಂಚು ಕಾಯುತ್ತಿದ್ದುದರಿಂದ ಅಡುಗೆಮನೆಗೇ ಹೋಗಿ ಕೂತೆವು. ಅವಳು ರೊಟ್ಟಿ ಬೇಯಿಸುತ್ತಿದ್ದಳು, ಅತ್ತೆ ಪಕ್ಕದಲ್ಲಿ ಕೂತು ಅದುವರೆಗಿನ ಕತೆಯನ್ನು ಕೈಬಾಯಿ ತಿರುಗಿಸಿ ಹೇಳಿದರು: ಆವಮ್ಮ ಸಭೆ ನಡೆಸುವುದು, ಕೆಲಸ ನೋಡಿ ಬರುವುದು, ಗಂಡ ತೀರಿಹೋಗಿರುವುದು.

“ಗಂಡ ಇಲ್ವಾ?” ಎಂದಳು ಅವಳು.

“ಇಲ್ಲ ಕಣವ್ವ.”

“ಪುಣ್ಯ ಮಾಡವ್ಳೆ,” ಅಂದವಳು ಗಾಬರಿಯಾಗಿ ತನ್ನ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಮೂವರಿಗೂ ನಗು ಬಂತು. ರೊಟ್ಟಿ ಸೀದುಹೋಯಿತು.

ನಾನು ಅವಿಶ್ವಾಸದ ಭಾಗವನ್ನು ಓದಿದೆ. ಇಳಿಸಬೇಕಾದರೆ ಮೆಂಬರುಗಳು ಸೇರಬೇಕು, ಸಭೆಯಾಗಬೇಕು, ಬೇಕಾದಷ್ಟು ಜನ ಒಪ್ಪಬೇಕು ಎಂದು ಅದರಲ್ಲಿತ್ತು. ಅತ್ತೆ ಎರಡೆರಡು ಸಲ ಓದಿಸಿದರು. ಆಮೇಲೆ ಮೆಲ್ಲಗೆ, “ಅಂಗಾರೆ ಮೆಂಬರ್‌ಗಳು ಬುಟ್ರೆ ಮನೇವ್ರು ಯಾರೂ ಆವಮ್ಮನ್ನ ಎದ್ದೇಳು ಅನ್ನಂಗಿಲ್ಲ?” ಎಂದು ಕೇಳಿದರು.

ಆ ಮುಖ ನೋಡಿ ನನಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು, ಮಾವನ ಮೇಲೆ, ಅವತ್ತು ಶಾಮಿಯಾನದಲ್ಲಿ ಉಂಡು ಹೋದ ಎಲ್ಲರ ಮೇಲೆ. “ಅತ್ತೆ, ಇದು ಕತೆಯಲ್ಲ,” ಅಂದೆ. “ಇದು ಸರ್ಕಾರದ ನಿಯಮ. ಇದರಲ್ಲಿ ಬರೋ ಅಧ್ಯಕ್ಷೆ ಅಂದ್ರೆ ನೀವು. ಈ ಮನೆಯವ್ರೂ ಕೂಡ. ಸಭೆ ನಡೆಸಬೇಕಾದವರು ನೀವು, ಆ ಕುರ್ಚಿ ನಿಮ್ದು.”

ಅತ್ತೆಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು. “ಅಂಗಾರೆ ಆವಮ್ಮ ಇಲ್ವಾ?” ಎಂದರು.

“ಇಲ್ಲ ಅತ್ತೆ.”

“ಎಲ್ಲೂ ಇಲ್ವಾ?”

ಅಷ್ಟು ದಿನ ಜೊತೆಗಿದ್ದ ಒಬ್ಬಳು ಸತ್ತ ಸುದ್ದಿ ಕೇಳಿದವರ ಹಾಗೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ಪುಸ್ತಕ ನಮ್ಮ ಜೊತೆ ವಾಪಸು ಬರಲಿಲ್ಲ. ಹೊರಡುವಾಗ ಆ ಮನೆಯ ಅಧ್ಯಕ್ಷೆ ಅದನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, “ಇದ ಬುಟ್ಟೋಗಿ ಕಣಕ್ಕ, ನಾನೂ ಹೈಸ್ಕೂಲ್‌ಗಂಟ ಓದಿವ್ನಿ,” ಅಂದಳು. ಆಮೇಲೆ ಮಗಳ ಹಳೇ ಪಠ್ಯಪುಸ್ತಕವೊಂದನ್ನು ಅದೇ ಮಿಂಚುವ ಕಾಗದದಲ್ಲಿ ನೀಟಾಗಿ ಸುತ್ತಿ ಗೊಂಬೆಯ ಹಿಂದೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಗಂಡ ನೋಡಿದರೆ ಎಂದು ನಾನು ಕೇಳಿದ್ದಕ್ಕೆ, “ಬಿಚ್ಚಿದ್ರೆ ತಾನೆ?” ಅಂದಳು. ಕೈಪಿಡಿಯನ್ನು ರಾಗಿಹಿಟ್ಟಿನ ಡ್ರಮ್ಮಿನ ಹಿಂದೆ ಸಿಕ್ಕಿಸಿ ನಮ್ಮನ್ನು ಬಸ್ಸಿನವರೆಗೂ ಬಿಟ್ಟು ಹೋದಳು.

ಮನೆಗೆ ಬಂದ ಮೇಲೆ ಅತ್ತೆ ಆ ಸುದ್ದಿ ಎತ್ತಲಿಲ್ಲ. ಚಪ್ಪರದಲ್ಲಿ ಅಕ್ಕ ಕೇಳಿದಾಗ, “ಇಳಿಸ್ಲಿಲ್ಲ ಬುಡು,” ಎಂದಷ್ಟೇ ಹೇಳಿ ಎಲೆ ಕಟ್ಟಿದರು. ನಾನು ಬೇರೊಂದು ಕಾದಂಬರಿ ಶುರು ಮಾಡಿದೆ. ಅತ್ತೆ ಅದನ್ನು ಕೇಳುತ್ತಿದ್ದಂತೆ ಕಾಣಲಿಲ್ಲ. ನನಗೆ ಒಳಗೊಳಗೇ ಭಯವಾಯಿತು. ಸುಖವಾಗಿ ಸಹಿ ಹಾಕಿಕೊಂಡಿದ್ದ ಹೆಂಗಸಿನ ನೆಮ್ಮದಿ ಕೆಡಿಸಿದೆನೇ, ಇನ್ನು ಆಕೆ ಆ ಕುರ್ಚಿಯ ಹತ್ತಿರ ಹೋಗದಿದ್ದರೆ ಸುಮ್ಮನೆ ನೋಯಿಸಿದ ಹಾಗಾಗಲಿಲ್ಲವೇ ಎಂದು.

ಪಂಚಾಯಿತಿ ಸಭೆಯ ದಿನ ಬಂತು. ಮಾವ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ಕನ್ನಡಿಯ ಮುಂದೆ ಗಂಟಲು ಸರಿಮಾಡಿಕೊಂಡು ಹೊರಟರು. ಬಾಗಿಲಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು.

“ನಾನೂ ಬತ್ತೀನಿ.”

“ಸೈನ್ ಇದ್ರೆ ಮನೆಗೇ ತತ್ತೀನಿ ಬುಡು. ಬಿಸ್ಲಲ್ಲಿ ನೀನ್ಯಾಕೆ?”

“ಬತ್ತೀನಿ ಅಂದೆ.”

ಮಾವ ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ. ಅವರು ಮುಂದೆ, ಅತ್ತೆ ಹಿಂದೆ, ಎಂದಿನ ಅಂತರದಲ್ಲೇ ಬೀದಿ ಇಳಿದು ಹೋದರು. ಪಂಚಾಯಿತಿ ಆಫೀಸು ನಮ್ಮ ಬೀದಿಯ ತುದಿಯಲ್ಲೇ. ಅವರು ಒಳಗೆ ಹೋದದ್ದು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಮನೆಯ ಮಗ್ಗುಲಿನ ಚಪ್ಪರಕ್ಕೆ ಹೋಗಿ ಕೂತು ಕಾದಂಬರಿ ಓದತೊಡಗಿದೆ. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಅಕ್ಕ, “ಈ ಪುಟಾನೇ ನೆನ್ನೆನೂ ಓದ್ದೆ,” ಅಂದಳು.

ಸ್ವಲ್ಪ ಹೊತ್ತಿಗೆ ಮಾವ ವಾಪಸು ಬಂದರು. ಒಬ್ಬರೇ. ಷರಟಿನ ಇಸ್ತ್ರಿ ಹಾಗೇ ಇತ್ತು.

“ಸಭೆ ಮುಗೀತಾ ಮಾವ?” ಅಂದೆ.

“ಈಗ ಸುರುವಾಗದೆ.” ಅವರು ಹೊಲದ ಕಡೆ ನೋಡುತ್ತಾ ನಿಂತರು. ನಮ್ಮೂರಿನಲ್ಲಿ ಸಭೆಯವರಿಗೆ ಟೀ ಹೋಗುವುದು ಅಧ್ಯಕ್ಷರ ಮನೆಯಿಂದ. ಅದನ್ನು ಕಾಯಿಸಿ ಫ್ಲಾಸ್ಕಿಗೆ ತುಂಬುತ್ತಿದ್ದವರು ಅತ್ತೆ. “ಎಲ್ರಿಗೂ ಟೀ ಬೇಕಂತೆ,” ಅಂದರು ಮಾವ. “ನಿಮ್ಮತ್ತೆ ಯೋಳ್ ಕಳ್ಸವ್ಳೆ.”

ಆ ಮಾತನ್ನು ನಾನು ಪೂರ್ತಿ ಕುಡಿದೆ. ಅತ್ತೆ ಕೂತಿದ್ದಾರೆ. ಕೂತ ಜಾಗದಿಂದ ಏಳಲಿಲ್ಲ, ಏಳಿಸಲು ಯಾರಿಗೂ ಆಗಲಿಲ್ಲ, ಜೊತೆಗೆ ಗಂಡನಿಗೆ ಒಂದು ಕೆಲಸವನ್ನೂ ಕೊಟ್ಟಿದ್ದಾರೆ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು, ತುಟಿ ಕಚ್ಚಿಕೊಂಡೆ.

ಮಾವ ಯಾರಾದರೂ ಎದ್ದಾರು ಎಂದು ಕಾದರು. ಅಕ್ಕ ಎರಡೂ ಅಂಗೈ ಎತ್ತಿ ತೋರಿಸಿದಳು, “ಕೈಯೆಲ್ಲ ಸೊಪ್ಪಿನಂಟು ಕಣ್ರೀ ಯಜಮಾನ್ರೆ.” ಉಳಿದವರೂ ತಮ್ಮ ತಮ್ಮ ಅಂಗೈ ತೋರಿಸಿದರು. ಅಂಟಿಲ್ಲದ ಕೈ ನನ್ನದೊಂದೇ. ಆ ಕೈಯಲ್ಲಿ ಪುಸ್ತಕವಿತ್ತು, ಕತೆ ಅರ್ಧದಲ್ಲಿತ್ತು. ನಾನು ಏಳಲಿಲ್ಲ.

ಮಾವ ಒಳಗೆ ಹೋದರು. ಒಲೆ ಹಚ್ಚಿದ ಸದ್ದು ಬಂತು. ಆಮೇಲೆ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆರೆದ, ಮುಚ್ಚಿದ ಸದ್ದು. ಕೊನೆಗೆ ಅಡುಗೆಮನೆಯ ಕಿಟಕಿಯಿಂದ ದನಿ ಬಂತು: “ಟೀ ಪುಡಿ ಯಾವ್ದ್ರಲ್ಲಿ ಮಡ್ಗಿದ್ದೀರವ್ವ?”

“ಡಬ್ಬದ ಮೇಲೆ ಬರ್ದಿದೆ ಮಾವ,” ಅಂದೆ ಪುಟದಿಂದ ಕಣ್ಣೆತ್ತದೆ, “ಓದ್ಕಳಿ.”